ಎಂಜಿನ್ ಹೋಯ್ತು: ರೀಬಿಲ್ಡ್ ಮಾಡಿಸೋದಾ, ಬೇರೆ ಎಂಜಿನ್ ಹಾಕಿಸೋದಾ?

ಪುಣೆ, ಮುಂಬೈ, ಗೋವಾ ಕಡೆ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವ ಕನ್ನಡದವರಿಗೆ ಇದನ್ನು ಬರೆಯುತ್ತಿದ್ದೇನೆ. ಬಾಕ್ಸ್‌ಸ್ಟರ್, ಝಡ್4, ಟಿಟಿ, ಎಸ್‌ಎಲ್‌ಕೆ ಇಂಥವು ಸೆಕೆಂಡ್‌ಹ್ಯಾಂಡ್‌ನಲ್ಲಿ ಹೊಸದರ ಬೆಲೆಯ ಒಂದು ಪಾಲಿಗೆ ಸಿಗುತ್ತವೆ. ಆದರೆ ಕಾರಿನ ಬೆಲೆ ಇಳಿದ ಹಾಗೆ ಎಂಜಿನ್ನಿನ ಬೆಲೆ ಇಳಿಯುವುದಿಲ್ಲ. ಅದು ಕೈಕೊಟ್ಟ ದಿನ ಗ್ಯಾರೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ, 'ಬನಾನಾ ಹೈ ಯಾ ಬದಲ್ನಾ ಹೈ?' ಅಂದರೆ ಇದೇ ಎಂಜಿನ್ ಬಿಚ್ಚಿ, ಸವೆದ ಭಾಗ ಸರಿಮಾಡಿ ಮತ್ತೆ ಜೋಡಿಸೋದಾ (ರೀಬಿಲ್ಡ್), ಬೇರೆ ಎಂಜಿನ್ ಹಾಕೋದಾ? ದಯವಿಟ್ಟು ಅಲ್ಲೇ ನಿಂತು ಉತ್ತರ ಕೊಡಬೇಡಿ. ಎಂಜಿನ್ ಒಳಗೆ ಏನಾಗಿದೆ ಅಂತ ನೋಡುವ ತನಕ ಸರಿಯಾದ ಉತ್ತರ ನಿಮ್ಮ ಹತ್ತಿರವೂ ಇಲ್ಲ, ಮೆಕ್ಯಾನಿಕ್ ಹತ್ತಿರವೂ ಇಲ್ಲ.

ಮೊದಲು, ಎಂಜಿನ್ ನಿಜವಾಗಿ ಹೋಗಿದೆಯಾ ನೋಡಿ. ಟೈಮಿಂಗ್ ಚೈನ್ ಟೆನ್ಷನರ್ ಸಡಿಲವಾದರೂ, ಇಂಜೆಕ್ಟರ್ ಕೆಟ್ಟರೂ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್, ಕೆಳಗಿನ ಮುಖ್ಯ ಒಡಲಾದ ಬ್ಲಾಕ್, ಇವೆರಡರ ನಡುವಿನ ಸೀಲು) ಹೋದರೂ 'ಎಂಜಿನ್ ಹೋಯ್ತು ಸರ್' ಅನ್ನುವವರಿದ್ದಾರೆ. ಕಂಪ್ರೆಷನ್ ಟೆಸ್ಟ್ ಎಲ್ಲರೂ ಮಾಡುತ್ತಾರೆ, ಅದು ಸಾಲದು. ಲೀಕ್‌ಡೌನ್ ಟೆಸ್ಟ್ ಕೇಳಿ. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಸ್ಪಾರ್ಕ್ ಪ್ಲಗ್ ತೂತಿನಿಂದ ಒತ್ತಡದ ಗಾಳಿ ಬಿಟ್ಟು, ಎಷ್ಟು ಸೋರುತ್ತದೆ ಅಂತ ಅಳೆಯುವುದು. ಶೇ. 10ರ ಒಳಗಿದ್ದರೆ ಚೆನ್ನಾಗಿದೆ, 20 ದಾಟಿದರೆ ಯೋಚನೆ ಮಾಡಬೇಕು. ಈ ಟೆಸ್ಟಿನ ನಿಜವಾದ ಲಾಭ ಕಿವಿಯಲ್ಲಿದೆ. ಸುಸ್ ಅನ್ನುವ ಸದ್ದು ಥ್ರಾಟಲ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಕಡೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಮುಚ್ಚಳದಿಂದ ಬಂದರೆ ಪಿಸ್ಟನ್ ರಿಂಗು ಅಥವಾ ಸಿಲಿಂಡರ್ ಗೋಡೆ, ಕೂಲೆಂಟಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ತೊಂದರೆ ಮೇಲ್ಭಾಗದಲ್ಲಷ್ಟೇ ಇದ್ದರೆ ಹೆಡ್ ಬಿಚ್ಚಿ ಸರಿಮಾಡಿಸಿದರೆ ಆಯ್ತು. ರೀಬಿಲ್ಡೂ ಬೇಡ, ಬೇರೆ ಎಂಜಿನ್ನೂ ಬೇಡ.

ಗೋವಾದಲ್ಲಿ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಕಾರಾದರೆ ಇನ್ನೊಂದು ಮಾತು. ಕಡಲ ಗಾಳಿಗೆ ಸಿಲಿಂಡರ್ ಒಳಗೆ ತುಕ್ಕು ಹಿಡಿದು ರಿಂಗು ಅಂಟಿಕೊಂಡಿರಬಹುದು. ಸ್ಟಾರ್ಟರ್‌ನಿಂದ ಬಲವಂತ ಮಾಡಬೇಡಿ. ಪ್ಲಗ್ ತೂತಿನಲ್ಲಿ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಕೆಲವು ದಿನ ಕಾದು, ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ.

ಮುಂದಿನದು ಆಯಿಲ್ ಫಿಲ್ಟರ್, ಇದಕ್ಕೆ ಖರ್ಚೇ ಇಲ್ಲ. ಹೊರಗೆ ತೆಗೆದು, ಒಳಗಿನ ಮಡಿಕೆ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ ಬಿಸಿಲಿನಲ್ಲಿ ಬಿಡಿಸಿ ಹರಡಿ. ಆಯಿಲ್ ಹಿಂಡಿ ತೆಗೆದ ಮೇಲೆ ಒಂದೊಂದು ಮಡಿಕೆಯನ್ನೂ ಬೆರಳಿನಿಂದ ಸರಿಸಿ ನೋಡಿ. ಕಾಗದದಡಿ ಅಯಸ್ಕಾಂತ ಹಿಡಿದಾಗ ಚೂರುಗಳು ಎದ್ದು ನಿಂತರೆ ಅದು ಉಕ್ಕು: ಚೈನು, ಬಾಲ್ ಬೇರಿಂಗ್, ಕ್ಯಾಮ್ ಇಂಥ ಕಡೆಯಿಂದ ಬಂದದ್ದು. ಅಯಸ್ಕಾಂತಕ್ಕೆ ಅಲ್ಲಾಡದೆ ಬೆಳ್ಳಗೆ ಹೊಳೆಯುವ ತೆಳು ಹಾಳೆಯಂಥ ಚೂರು ಅಲ್ಯೂಮಿನಿಯಂ ಇರಬಹುದು, ಬೇರಿಂಗಿನ ಮೇಲ್ಪದರವೂ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಒಳಪದರದ ತನಕ ಸವೆದಿದೆ ಅಂತ ಅರ್ಥ. ಹಾಗಿದ್ದರೆ ಇನ್ನೊಂದು ಸಲ ಸ್ಟಾರ್ಟ್ ಮಾಡಿ ಸದ್ದು ಕೇಳುವ ಆಸೆ ಬಿಟ್ಟುಬಿಡಿ. ಒಂದೊಂದು ಸುತ್ತಿಗೂ ಆ ಬೇರಿಂಗಿನಲ್ಲಿ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಹಾಳಾಗುತ್ತಿರುತ್ತದೆ, ಅದೊಂದು ಉಳಿದರೆ ರೀಬಿಲ್ಡ್ ಖರ್ಚು ಎಷ್ಟೋ ಇಳಿಯುತ್ತದೆ.

ಮುಂಬೈನವರಿಗೆ ನೀರಿನದೇ ದೊಡ್ಡ ಭಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತು. ಅಷ್ಟೇ ಬೀಳಬೇಕು ಅಂತೇನಿಲ್ಲ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ, ಗಾಳಿ ಎಳೆಯುವ ಬಾಯಿಯೂ ಕೆಳಗೆ, ಮೊಣಕಾಲುದ್ದ ನೀರು ಸಾಕು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ, ಅದಕ್ಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಕಾರು ನಿಂತರೆ ಮತ್ತೆ ಕೀ ತಿರುಗಿಸಲೇಬೇಡಿ. ಪ್ಲಗ್ ಎಲ್ಲ ತೆಗೆಸಿ, ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ ನೀರು ಹೊರಗೆ ಹಾಕಿಸಿ. ಆಮೇಲೆ ಪ್ರತಿ ಪಿಸ್ಟನ್ ತುದಿಗೆ ಬಂದಾಗ ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಅಳೆಸಿ. ಒಂದು ಮಾತ್ರ ಉಳಿದವಕ್ಕಿಂತ ಕೆಳಗೆ ನಿಂತರೆ ಅದರ ರಾಡ್ ಬಾಗಿದೆ. ಬಾಗಿದ ರಾಡಿನಲ್ಲೂ ಎಂಜಿನ್ ಓಡುತ್ತದೆ, ಆದರೆ ಕೆಲವು ತಿಂಗಳಾದ ಮೇಲೆ ಅದೇ ರಾಡ್ ಮುರಿದು ಬ್ಲಾಕ್ ಒಡೆದು ಆಚೆ ಬರಬಹುದು. ಇನ್ನು ವಿಮೆ. ಇಂಥ ಹಾನಿಗೆ ಮಾಮೂಲಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ, ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ಬೇಕು. ಇದ್ದರೆ ಸರ್ವೇಯರ್ ಬರುವ ಮೊದಲು ಎಂಜಿನ್ ಬಿಚ್ಚಿಸಬೇಡಿ.

ಇಷ್ಟಾದ ಮೇಲೆ ಅಸಲಿ ಪ್ರಶ್ನೆ ಬ್ಲಾಕಿನದು. ಬ್ಲಾಕ್ ಯಾವ ಲೋಹದ್ದು, ಸಿಲಿಂಡರ್ ಗೋಡೆ ಹೇಗೆ ಮಾಡಿದ್ದಾರೆ? ನನ್ನ ಮಟ್ಟಿಗೆ ಅರ್ಧ ನಿರ್ಧಾರ ಇಲ್ಲೇ ಆಗಿಹೋಗುತ್ತದೆ.

ಎರಕದ ಕಬ್ಬಿಣದ ಬ್ಲಾಕ್ ಆದರೆ ರೀಬಿಲ್ಡ್ ಕಡೆ ವಾಲಿ. ಆಡಿ ಟಿಟಿಯ 2.0 ಟಿಎಫ್‌ಎಸ್‌ಐ ಎಂಜಿನ್, ಬಿಎಂಡಬ್ಲ್ಯು ಇ46 ಎಂ3ಯ ಎಸ್54 ಎಂಜಿನ್ ಎಲ್ಲ ಕಬ್ಬಿಣವೇ. ಸಿಲಿಂಡರಿಗೆ ಗೀರು ಬಿದ್ದಿದ್ದರೆ ಬೋರ್ ಮಾಡಿಸಿ (ಕೊರೆದು ಸ್ವಲ್ಪ ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಕೂರಿಸಬಹುದು. ಎರಡಕ್ಕೂ ಆ ಅಳತೆಯ ಭಾಗ ಸಿಗುತ್ತದೆ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಪುಣೆಯಲ್ಲಿ ಇದ್ದೀರಿ ಅಂದ್ರೆ ಅದೃಷ್ಟ. ಭೋಸರಿ, ಪಿಂಪ್ರಿ-ಚಿಂಚವಡ ಕಡೆ ವಾಹನ ಕಾರ್ಖಾನೆಗಳ ಸುತ್ತ ಬೆಳೆದ ಮಷೀನ್ ಶಾಪ್‌ಗಳಿವೆ, ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದು ಅಲ್ಲಿ ದಿನದ ಕೆಲಸ. ವಿಜಯಪುರ, ಕಲಬುರಗಿ ಕಡೆಯ ಕನ್ನಡವೂ ಅಲ್ಲಿ ಕಿವಿಗೆ ಬೀಳುತ್ತದೆ, ಧೈರ್ಯವಾಗಿ ಮಾತಾಡಿಸಿ. ಬೋರಿನ ಅಳತೆ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಬರೆದುಕೊಡಿ ಅಂತ ಕೇಳಿ. ಬರೆದುಕೊಡದ ಕಡೆ ಬ್ಲಾಕ್ ಬಿಡಬೇಡಿ.

ಅಲ್ಯೂಮಿನಿಯಂ ಬ್ಲಾಕಿನಲ್ಲಿ ಸಿಲಿಕಾನ್ ಬೆರೆತ ಗೋಡೆ ಇದ್ದರೆ ಕತೆ ಬೇರೆ. ಬಿಎಂಡಬ್ಲ್ಯು ಎನ್52 ಎಂಜಿನ್ ಹೊರಗೆ ಮೆಗ್ನೀಸಿಯಂ, ಒಳಗೆ ಅಲ್ಯೂಸಿಲ್ ಅನ್ನುವ ಅಂಥದೇ ಮಿಶ್ರಲೋಹ. ಅದರ ಅಲ್ಯೂಮಿನಿಯಂ ಬೋಲ್ಟುಗಳು ಒಂದೇ ಸಲದ ಬಳಕೆಯವು, ಬಿಚ್ಚಿದರೆ ಹೊಸದೇ ಹಾಕಬೇಕು. ಪೋರ್ಷೆ ಎಂ96, ಎಂ97 ಎಂಜಿನ್ ಅಂದರೆ 1997ರಿಂದ 2008ರ ತನಕದ ಬಾಕ್ಸ್‌ಸ್ಟರ್, ಆಮೇಲೆ ಬಂದ ಕೇಮನ್, ಮಾಮೂಲಿ 911ಗಳಲ್ಲಿ ಇದ್ದದ್ದು. ಅದರ ಗೋಡೆ ಲೋಕಾಸಿಲ್, ಅದೂ ಸಿಲಿಕಾನ್ ಬೆರೆತದ್ದೇ. ಇದನ್ನು ಕಬ್ಬಿಣದ ಹಾಗೆ ಬೋರ್ ಮಾಡಿ ಮಾಮೂಲಿ ಪಿಸ್ಟನ್ ತುರುಕಿದರೆ ಬೇಗ ಕೆಡುತ್ತದೆ. ಹೊಸ ಲೈನರ್ (ಸಿಲಿಂಡರಿನ ಒಳ ಕೊಳವೆ) ಹಾಕಿಸಿ ನಿಕಾಸಿಲ್ ಅನ್ನುವ ಗಟ್ಟಿ ಲೇಪನ ಮಾಡಿಸಬೇಕು, ಅದನ್ನು ಬಲ್ಲವರು ಕಡಿಮೆ. ಇದೇ ಎಂಜಿನ್ನಿನ ಐಎಂಎಸ್ ಬೇರಿಂಗ್ (ಕ್ಯಾಮ್‌ಗಳ ಚೈನ್ ಓಡಿಸುವ ನಡುವಿನ ಶಾಫ್ಟಿನ ಬೇರಿಂಗ್) ಒಡೆದಿದ್ದರೆ ಉಕ್ಕಿನ ಚೂರು ಎಲ್ಲ ಕಡೆ ಹೋಗಿರುತ್ತದೆ, ಚೈನ್ ಹಾರಿ ವಾಲ್ವ್ ಪಿಸ್ಟನ್‌ಗೆ ಬಡಿದಿರಲೂಬಹುದು. ಇಂಥಲ್ಲಿ ಒಳ್ಳೆಯ ಬದಲಿ ಎಂಜಿನ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. 2009ರ ಮಾಡೆಲ್‌ನಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ, ಆದರೆ ಹಳೇ ಕಾರಿಗೆ ಅದು ಸುಮ್ನೆ ಕೂರುವುದಿಲ್ಲ. ಬ್ಲಾಕಿಗೆ ತೂತು ಬಿದ್ದಿದ್ದರಂತೂ ಯಾವ ಲೋಹವಾದರೂ ಯೋಚಿಸುವುದು ಬೇಡ, ಬದಲಿಯೇ.

ಈಗ ಸೆಕೆಂಡ್‌ಹ್ಯಾಂಡ್ ಎಂಜಿನ್. ಕುರ್ಲಾದ ಸಿಎಸ್‌ಟಿ ರಸ್ತೆ ಕಡೆ ಕೇಳಿದರೆ ಸಿಗದ ಭಾಗ ಕಡಿಮೆ. 'ಜಪಾನ್ ಮಾಲು, ಕಮ್ಮಿ ಓಡಿದ್ದು' ಅನ್ನುವುದನ್ನು ನಂಬಿ ದುಡ್ಡು ಎಣಿಸಬೇಡಿ. ನಮ್ಮ ದೇಶಕ್ಕೆ ಬಳಸಿದ ಭಾಗಗಳ ಆಮದು ಪರವಾನಗಿ ಇಲ್ಲದೆ ಆಗುವುದಿಲ್ಲ, ಅದಕ್ಕೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ದಾಖಲೆ) ಕೇಳಿ. ಅಪಘಾತದಲ್ಲಿ ಟೋಟಲ್ ಲಾಸ್ ಆದ ಕಾರಿನದಾದರೆ ಆ ಕಾರಿನ ಕಾಗದ ಕೇಳಿ. ಎಂಜಿನ್ ನಂಬರ್ ಉಜ್ಜಿದ್ದರೆ ಅಲ್ಲಿಂದ ಹೊರಡಿ, ಎಷ್ಟೇ ಅಗ್ಗವಾದರೂ.

ನನ್ನ ಖಚಿತ ಅಭಿಪ್ರಾಯ ಇದು: ಬಳಸಿದ ಎಂಜಿನ್ ಅಂದರೆ ಇನ್ನೂ ರೀಬಿಲ್ಡ್ ಆಗದ ಎಂಜಿನ್, ಅಷ್ಟೇ. ನಿಮ್ಮದರಲ್ಲಿ ಇದ್ದ ಕಾಯಿಲೆ ಅದರಲ್ಲೂ ಇರಬಹುದು, ಯಾಕೆಂದರೆ ಅದೂ ಅದೇ ಡಿಸೈನು. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ನೋಡಲು, ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಬಿಡಲು, ಫಿಲ್ಟರ್ ಕತ್ತರಿಸಲು ಒಪ್ಪಿದರೆ ಮಾತ್ರ ಕೊಳ್ಳಿ. ಹೊರಗಿರುವಾಗಲೇ ಸೀಲು, ವಾಟರ್ ಪಂಪ್, ಚೈನ್ ಗೈಡ್ ಹೊಸದು ಹಾಕಿಸಿ. ಎಂಜಿನ್ ಕೋಡ್ ಅಕ್ಷರಕ್ಕೆ ಅಕ್ಷರ ತಾಳೆ ಆಗಬೇಕು. ಒಂದೇ ಹೆಸರಿನ ಕಾರಿನಲ್ಲೂ ವರ್ಷಕ್ಕೆ ತಕ್ಕಂತೆ ಥ್ರಾಟಲ್, ಸೆನ್ಸರ್ ಬದಲಾಗಿರುತ್ತವೆ. ಇಮೊಬಿಲೈಜರ್ (ಕೀ ತಾಳೆಯಾಗದಿದ್ದರೆ ಸ್ಟಾರ್ಟ್ ಆಗಲು ಬಿಡದ ಕಳ್ಳತಡೆ) ಇರುವುದರಿಂದ ನಿಮ್ಮ ಹಳೇ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಬಿಸಾಡಬೇಡಿ.

ಕಾಗದದ ಕೆಲಸ ಹಿಂದೆ ಬಿಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾಯಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ನಮ್ಮಲ್ಲಿ ಎಷ್ಟೋ ಜನ ಕೆಎ ನಂಬರ್ ಪ್ಲೇಟಿನಲ್ಲೇ ಪುಣೆಯಲ್ಲಿ ಓಡಿಸುತ್ತಿರುತ್ತಾರೆ ಅಲ್ವಾ? ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಮರುನೋಂದಣಿ ಆಗಬೇಕು. ಆಗ ಆರ್‌ಸಿಯಲ್ಲಿ ಒಂದು ನಂಬರ್, ಬ್ಲಾಕಿನ ಮೇಲೆ ಇನ್ನೊಂದು ಇದ್ದರೆ ತಲೆನೋವು ನಿಮ್ಮದೇ. ವಿಮಾ ಕಂಪನಿಗೂ ತಿಳಿಸಿ. ಮೂಲ ಎಂಜಿನ್ ಉಳಿಸಿಕೊಂಡರೆ ಇದ್ಯಾವುದೂ ಇಲ್ಲ, ಅಪರೂಪದ ಕಾರಾದರೆ ಮುಂದೆ ಮಾರುವಾಗ ಬೆಲೆಯೂ ನಿಲ್ಲುತ್ತದೆ.

ದುಡ್ಡಿನ ಲೆಕ್ಕ ಕೊನೆಗೆ ಮಾಡಿ, ಆದರೆ ಪೂರ್ತಿ ಮಾಡಿ. ರೀಬಿಲ್ಡ್ ಕೊಟೇಶನ್ನಿನಲ್ಲಿ ಕ್ರ್ಯಾಂಕೂ ಹೋಗಿದ್ದರೆ ಎಷ್ಟು, ಹೆಡ್ ಕೂಡ ಹೋಗಿದ್ದರೆ ಎಷ್ಟು ಅಂತ ಬೇರೆಬೇರೆ ಬರೆಸಿ. ಬದಲಿ ಎಂಜಿನ್ನಿಗೆ ಸಾಗಣೆ, ಸೀಲು, ಕ್ಲಚ್ಚು, ಕೂಲಿ ಸೇರಿಸಿ. ಪಕ್ಕದಲ್ಲಿ, ಓಡುವ ಸ್ಥಿತಿಯಲ್ಲಿ ಆ ಕಾರಿಗೆ ಇವತ್ತು ಎಷ್ಟು ಬರುತ್ತದೆ ಅಂತ ಬರೆಯಿರಿ. ಆರ್‌ಸಿಗೆ 15 ವರ್ಷ ಹತ್ತಿರ ಬಂದಿದ್ದರೆ ಫಿಟ್‌ನೆಸ್, ಪರಿಸರ ತೆರಿಗೆಯೂ ಲೆಕ್ಕಕ್ಕೆ ಬರಲಿ. ರಿಪೇರಿ ಮೊತ್ತ ಕಾರಿನ ಬೆಲೆ ದಾಟಿದರೆ, ಬೇಗ ಮಾರುವ ಯೋಚನೆ ಇದ್ದವರು ಇದ್ದ ಹಾಗೇ ಮಾರಿಬಿಡಿ. ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ ಅನ್ನುವವರು ಧೈರ್ಯವಾಗಿ ಹಾಕಿ, ಅದು ವ್ಯರ್ಥವಲ್ಲ.

ಯಾವುದನ್ನೇ ಆರಿಸಿದರೂ ಹಳೆಯದು ಯಾಕೆ ಹೋಯ್ತು ಅಂತ ಹುಡುಕದೆ ಹೊಸದನ್ನು ಕೂರಿಸಬೇಡಿ. ಖಂಡಾಲಾ ಘಾಟ್ ಹತ್ತುವಾಗ ಬಿಸಿಯಾಗಿ ಹೋದದ್ದಾದರೆ ರೇಡಿಯೇಟರ್, ಫ್ಯಾನು, ಥರ್ಮೋಸ್ಟ್ಯಾಟ್ ಮೊದಲು ನೋಡಿಸಿ. ಚೂರು ಓಡಾಡಿದ್ದರೆ ಆಯಿಲ್ ಕೂಲರ್ ತೊಳೆಸುವುದಕ್ಕಿಂತ ಹೊಸದು ಹಾಕಿಸಿ. ಅದರ ಸಣ್ಣ ನಾಳಗಳಲ್ಲಿ ಕೂತ ಚೂರು ಪೂರ್ತಿ ಹೊರಗೆ ಬರುವುದಿಲ್ಲ, ಹೊಸ ಬೇರಿಂಗಿಗೆ ಅದೇ ಬಂದು ಸೇರುತ್ತದೆ. ಆಯಿಲ್ ಒತ್ತಡವನ್ನು ಮೆಕ್ಯಾನಿಕಲ್ ಗೇಜ್ ಹಾಕಿ ತೋರಿಸಿ ಅನ್ನಿ. ರೀಬಿಲ್ಡ್ ಆದರೆ ಆಮೇಲೆ ಒಂದೇ ವೇಗದಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಓಡಿಸುವ ಬದಲು, ವೇಗ ಏರಿಳಿಯುವ ರಸ್ತೆಯಲ್ಲಿ, ಆರ್‌ಪಿಎಂ ಮಿತಿಯಲ್ಲಿಟ್ಟು ಓಡಿಸಿ. ರಿಂಗು ಕೂರುವುದು ಹಾಗೆಯೇ. ಮೊದಲ ಆಯಿಲ್ ಬೇಗ ಬದಲಾಯಿಸಿ, ತೆಗೆದ ಫಿಲ್ಟರನ್ನು ಗ್ಯಾರೇಜಿನವರ ಎದುರಿಗೇ ಕತ್ತರಿಸಿ ನೋಡಿ, ಫೋಟೋ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ.