ಬೆಂಗಳೂರಲ್ಲಿ ಅಮಾನೊ ಮರಿ ಮಾಡಿಸಿದ ನನ್ನ ಅನುಭವ

ಅಮಾನೊ ಎಂಬ ಅಕ್ವೇರಿಯಂ ಸಿಗಡಿ ಟ್ಯಾಂಕಿನಲ್ಲಿ ಮೊಟ್ಟೆ ಕಟ್ಟುತ್ತದೆ, ಮರಿ ಮಾತ್ರ ಉಳಿಯಲ್ಲ. ಅದಕ್ಕೆ ಸಮುದ್ರ ಬೇಕು, ಇಲ್ಲಿಂದ ಯಾವ ರಸ್ತೆ ಹಿಡಿದರೂ ಸಮುದ್ರ 300 ಕಿಲೋಮೀಟರ್ ದಾಟಿಯೇ ಸಿಗೋದು. ಶಿವಾಜಿನಗರದ ಅಂಗಡಿಗಳಲ್ಲಿ, ನನಗಿಂತ ಹಳಬರಾದ ಸಾಕಣೆದಾರರ ಬಾಯಲ್ಲಿ ಇದನ್ನೇ ವರ್ಷಗಟ್ಟಲೆ ಕೇಳಿದ್ದೇನೆ. ಈಗ ರಾಜಾಜಿನಗರದ ನಮ್ಮ ಮನೆಯ ಎರಡಡಿ ಟ್ಯಾಂಕಿನಲ್ಲಿ, ಇಲ್ಲೇ ಹುಟ್ಟಿದ ಅಮಾನೊಗಳು ನೂರರ ಹತ್ತಿರ ಇವೆ. ಚೆರ್ರಿ ಸಿಗಡಿ ಸಾಕಿ ಕೈ ಪಳಗಿದವರಿಗೆ ಬರೆಯುತ್ತಿದ್ದೇನೆ, ಸೈಕ್ಲಿಂಗ್, ಸ್ಪಾಂಜ್ ಫಿಲ್ಟರ್ ಅಂತ ಟ್ಯಾಂಕ್ ಸಿದ್ಧಪಡಿಸುವ ಪುರಾಣ ಬೇಡ.

ಮೊದಲು ತಾಯಿ ಸಿಗಡಿ ಅಸಲಿಯಾಗಿರಬೇಕು. ಒಂದು ಅಂಗಡಿಯಲ್ಲಿ ಒಂದಕ್ಕೆ 180 ರೂಪಾಯಿಯಂತೆ ಕೊಟ್ಟು ತಂದ ಡಜನ್‌ನಲ್ಲಿ ಅರ್ಧಕ್ಕರ್ಧ ಅಮಾನೊ ಅಲ್ಲವೇ ಅಲ್ಲ, ಯಾವುದೋ ಬೇರೆ ಸಿಗಡಿ. ಪಕ್ಕೆಯ ಕೆಳಸಾಲಿನ ಚುಕ್ಕೆ ನೋಡಿ: ಗಂಡಿಗೆ ಬಿಡಿಬಿಡಿ ದುಂಡು ಚುಕ್ಕೆ, ಹೆಣ್ಣಿಗೆ ಉದ್ದುದ್ದ ಗೀರು. ಕಾವೇರಿ ನೀರನ್ನು ಕ್ಲೋರಿನ್ ತೆಗೆದು ಹಾಕಿದರೆ ಸಾಕು, ಹೆಣ್ಣು ತಾನಾಗಿ ಮೊಟ್ಟೆ ಕಟ್ಟುತ್ತದೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 900ರ ಆಸುಪಾಸು. ಅದರಲ್ಲಿ ಪೊರೆ ಕಳಚುವಾಗ ಸಾಯುವುದು ಜಾಸ್ತಿ.

ಮೊಟ್ಟೆ ಹೊತ್ತು ತಿರುಗುವುದು ಸುಮಾರು ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಒಂದು ವಾರ. ಕಡುಹಸಿರಿದ್ದ ಗೊಂಚಲು ಕೊನೆಕೊನೆಗೆ ಬೂದುಕಂದಾಗುತ್ತದೆ, ಭೂತಗನ್ನಡಿ ಹಿಡಿದರೆ ಪ್ರತಿ ಮೊಟ್ಟೆಯಲ್ಲೂ ಎರಡು ಕಪ್ಪು ಕಣ್ಣು ಕಾಣುತ್ತವೆ. ಆಗ ತಾಯಿಯನ್ನು ಬೇರೆ ಡಬ್ಬಿಗೆ ಹಾಕುತ್ತೇನೆ. ಮೊಟ್ಟೆ ಒಡೆಯುವುದು ರಾತ್ರಿ ಹೊತ್ತು. ಬೆಳಿಗ್ಗೆ ದೀಪ ಆರಿಸಿ ಒಂದು ಮೂಲೆಗೆ ಟಾರ್ಚ್ ಬಿಟ್ಟರೆ ಲಾರ್ವಾಗಳು, ಅಂದರೆ ಆಗಷ್ಟೇ ಹುಟ್ಟಿದ ಮರಿಗಳು, ಬೆಳಕಿಗೆ ಮುತ್ತಿಕೊಳ್ಳುತ್ತವೆ: ಎರಡು ಮಿಲಿಮೀಟರ್ ಉದ್ದ, ತಲೆ ಕೆಳಗೆ, ಬಾಲ ಮೇಲೆ. ಏರ್‌ಲೈನ್ ಪೈಪಿನಲ್ಲಿ ಎಳೆದುಕೊಂಡು ಅದೇ ದಿನ ಉಪ್ಪುನೀರಿಗೆ. ಹನಿಹನಿಯಾಗಿ ಒಗ್ಗಿಸಬೇಕು ಅನ್ನುವವರಿದ್ದಾರೆ. ನಾನು ನೇರ ಸುರಿಯುತ್ತೇನೆ, ಏನೂ ಆಗಿಲ್ಲ. ಸಿಹಿನೀರಿನಲ್ಲೇ ಬಿಟ್ಟರೆ ಕೆಲವೇ ದಿನದಲ್ಲಿ ಅಷ್ಟೂ ಹೋಗುತ್ತವೆ.

ಉಪ್ಪಿನ ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕಲ್ಲುಪ್ಪು ಹಾಕಿದ ಬ್ಯಾಚು ವಾರ ದಾಟಲಿಲ್ಲ. ಅದರಲ್ಲಿ ಇರುವುದು ಹೆಚ್ಚುಕಮ್ಮಿ ಬರೀ ಸೋಡಿಯಂ ಕ್ಲೋರೈಡ್, ಸಮುದ್ರದ ನೀರಿನಲ್ಲಿರುವಷ್ಟು ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಮಂಗಳೂರಿಗೆ ಹೋಗಿದ್ದ ನೆಂಟರ ಕೈಲಿ ಸುರತ್ಕಲ್ಲಿನ ಸಮುದ್ರದ ನೀರನ್ನು ಎರಡು ಕ್ಯಾನು ತರಿಸಿಯೂ ನೋಡಿದೆ. ಮಳೆಗಾಲವಾದ್ದರಿಂದ ಉಪ್ಪಿನಂಶ 24 ಪಿಪಿಟಿಗೆ (ಸಾವಿರ ಭಾಗ ನೀರಿನಲ್ಲಿ 24 ಭಾಗ ಉಪ್ಪು) ಇಳಿದಿತ್ತು, ಮೇಲೆ ಕೆಸರು. ಲಾರ್ವಾ ಬದುಕಿದವು, ಆದರೆ ಪ್ರತಿ ಬ್ಯಾಚಿಗೂ ಯಾರು ಹೊರುತ್ತಾರೆ? ಕೊನೆಗೆ ಹವಳ ಸಾಕುವ ರೀಫ್ ಟ್ಯಾಂಕಿನವರು ಬಳಸುವ ಮರೈನ್ ಸಾಲ್ಟ್, ಆರ್‌ಒ ನೀರು, ಲೀಟರಿಗೆ 35 ಗ್ರಾಂ ಮೇಲೆ. ಅಳೆದು ನೋಡಿ ನಾನು ನಿಲ್ಲಿಸುವುದು 32 ಪಿಪಿಟಿಗೆ. 15 ಸಾಕು ಅಂತ ಹೇಳುವವರು ಸ್ಕ್ಯಾಂಪಿ (ತಿನ್ನಲು ಸಾಕುವ ದೊಡ್ಡ ಸಿಹಿನೀರಿನ ಸಿಗಡಿ) ಹ್ಯಾಚರಿಯ ಲೆಕ್ಕವನ್ನು ಇಲ್ಲಿಗೆ ತರುತ್ತಾರೆ. ಸ್ಕ್ಯಾಂಪಿ ಲಾರ್ವಾಕ್ಕೆ 12ರಿಂದ 15 ಪಿಪಿಟಿ ಸರಿ. ಅವಕ್ಕೆ ಉಪ್ಪು ಬೇಕೆಂದು 1960ರ ದಶಕದ ಆರಂಭದಲ್ಲಿ ಮಲೇಷ್ಯಾದಲ್ಲಿ ಲಿಂಗ್ ಎಂಬ ವಿಜ್ಞಾನಿ ಕಂಡುಕೊಂಡ ಮೇಲೇ ಆ ಉದ್ಯಮ ಎದ್ದದ್ದು. ಅಮಾನೊ ಬೇರೆ ಜಾತಿ. 17 ಪಿಪಿಟಿಯಲ್ಲಿ ಒಂದು ಜಾರ್ ಇಟ್ಟು ನೋಡಿದೆ, ಎರಡು ವಾರ ಈಜಾಡಿದವು, ಒಂದೂ ಸಿಗಡಿಯಾಗಲಿಲ್ಲ.

ಆದರೆ ನನ್ನ ಪ್ರಕಾರ ಬೆಂಗಳೂರಲ್ಲಿ ಎಲ್ಲರೂ ಸೋತಿದ್ದು ಉಪ್ಪಿನಿಂದಲ್ಲ, ಊಟದಿಂದ. ಬೇಕರಿ ಈಸ್ಟ್ ಹಾಕಿದರೆ ನೀರು ಮೂರನೇ ದಿನಕ್ಕೆ ವಾಸನೆ. ಸ್ಪಿರುಲಿನಾ ಪುಡಿ ತಳಕ್ಕೆ ಕೂತು ಕೊಳೆಯುತ್ತದೆ, ಲಾರ್ವಾ ಇರುವುದು ನಡುನೀರಿನಲ್ಲಿ. ಮೀನಿನ ಮರಿಗೆ ತಿನ್ನಿಸುವ ಪುಟ್ಟ ಉಪ್ಪುನೀರಿನ ಜೀವಿ ಆರ್ಟೀಮಿಯಾದ ಮರಿಯೂ ಇವುಗಳ ಬಾಯಿಗೆ ದೊಡ್ಡದು. ಹೀಗೆ ಹೋದ ಲಾರ್ವಾಗಳೇ ಸಾವಿರಾರು. ಜೀವಂತ ಪಾಚಿ ಬೇಕು, ಅದು ಹಗಲೂ ರಾತ್ರಿ ಒಂದೇ ಹದದಲ್ಲಿರಬೇಕು. ನ್ಯಾನೊಕ್ಲೊರಾಪ್ಸಿಸ್ ಎಂಬ ಪಾಚಿ ಒಂದನ್ನೇ ಕೊಟ್ಟಾಗ ಕರುಳು ಬಿಳಿಚಿಕೊಂಡೇ ಇರುತ್ತಿತ್ತು. ಟೆಟ್ರಾಸೆಲ್ಮಿಸ್ ಎಂಬ ಇನ್ನೊಂದು ಪಾಚಿ ಬೆರೆಸಿದ ಮಾರನೇ ದಿನ ಬೆನ್ನುದ್ದಕ್ಕೂ ಹಸಿರು ಗೆರೆ. ಅವತ್ತೇ ಗೊತ್ತಾಯಿತು, ದಾರಿ ಸಿಕ್ಕಿತು ಅಂತ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗಳಲ್ಲಿ ಬೆಳೆಸುತ್ತೇನೆ, ಪಾಚಿಗೆಂದೇ ಇರುವ ಎಫ್-ಟು ಗೊಬ್ಬರ, ಸಣ್ಣ ಗಾಳಿ. ಲಾರ್ವಾ ಜಾರಿನ ಹಿಂದೆ ದಿನಪತ್ರಿಕೆ ಹಿಡಿದರೆ ದಪ್ಪ ಶೀರ್ಷಿಕೆ ಓದಲು ಬರಬೇಕು, ಸಣ್ಣಕ್ಷರ ಬರಬಾರದು, ಅಷ್ಟು ಹಸಿರು. ತಿಳಿಯಾದರೆ ಬಾಟಲಿಯಿಂದ ಒಂದು ಲೋಟ. ದೀಪ 24 ಗಂಟೆಯೂ ಉರಿಯುತ್ತದೆ. ಯಾವ ದೀಪ, ಎಷ್ಟು ದೂರ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ, ಅದಕ್ಕೆ ತುಂಬಾ ರಾತ್ರಿ ನಿದ್ದೆಗೆಟ್ಟಿದ್ದೇನೆ. ಜಾರಿನ ಗೋಡೆಗೆ ಕಟ್ಟುವ ಕಂದು ಪದರ ಮಾತ್ರ ಒರೆಸಬೇಡಿ, ದೊಡ್ಡ ಲಾರ್ವಾಗಳು ಅದನ್ನೇ ಮೇಯುತ್ತವೆ.

ಸಣ್ಣ ಗುಳ್ಳೆ ಬಿಡುವ ಏರ್‌ಸ್ಟೋನ್ ಬೇಡ. ಬರೀ ಪೈಪಿನ ತುದಿಯಿಂದ ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆ ಸಾಕು. ಕರೆಂಟಿಗೆ ನಂಬಿಕೆಯಿಲ್ಲ, ಪಂಪನ್ನು ಯುಪಿಎಸ್‌ಗೆ ಸಿಕ್ಕಿಸಿ. ಡಿಸೆಂಬರ್‌ನಲ್ಲಿ ನೀರು 20 ಡಿಗ್ರಿಗೆ ಇಳಿದು ಬೆಳವಣಿಗೆ ನಿಂತೇಹೋಗಿತ್ತು, ಹೀಟರಿಟ್ಟು 25ಕ್ಕೆ ತಂದ ಮೇಲೆ ಚೇತರಿಸಿಕೊಂಡವು. ಏಪ್ರಿಲ್‌ನಲ್ಲಿ ತಲೆನೋವೇ ಬೇರೆ, ನೀರು ಆವಿಯಾಗಿ ಉಪ್ಪು ಏರುತ್ತದೆ. ದಿನಾ ಬೆಳಿಗ್ಗೆ ಜಾರಿನ ನೀರಿನ ಮಟ್ಟದ ಗೆರೆ ನೋಡಿ ಆರ್‌ಒ ನೀರು ತುಂಬಿಸಬೇಕು.

ತಿಂಗಳು ದಾಟಿದ ಮೇಲೆ ಒಂದೊಂದಾಗಿ ರೂಪ ಬದಲಿಸುತ್ತವೆ. ಗಾಜಿನಷ್ಟು ಪಾರದರ್ಶಕ, ಐದು ಮಿಲಿಮೀಟರ್, ತಲೆ ಮುಂದಾಗಿ ಗೋಡೆ ಮೇಲೆ ಕಾಲೂರಿ ನಡೆಯುವುದು ಕಂಡರೆ ಅದು ಸಿಗಡಿಯಾಯಿತು. ಅದನ್ನು ಉಪ್ಪಿನಲ್ಲಿ ಹೆಚ್ಚು ದಿನ ಬಿಡಬಾರದು, ಸಾಯುತ್ತದೆ. ಎಲ್ಲವೂ ಒಟ್ಟಿಗೆ ಬದಲಾಗುವುದಿಲ್ಲ, ಅದಕ್ಕೇ ಜಾರಿಗೇ ಸಿಹಿನೀರು ಬೆರೆಸುವ ಉಪಾಯ ಕೆಲಸಕ್ಕೆ ಬರಲಿಲ್ಲ, ಹಿಂದುಳಿದವು ಸತ್ತವು. ಈಗ ನಡೆಯುವವನ್ನು ಮಾತ್ರ ಆರಿಸಿ, ಅರ್ಧ ದಿನದಲ್ಲಿ ಸಿಹಿನೀರಿಗೆ ಇಳಿಸುತ್ತೇನೆ. ಮೊದಲ ದಿನ ಏನು ತಿನ್ನಿಸುತ್ತೇನೆ ಎಂಬುದೂ ನನ್ನ ಗುಟ್ಟೇ.

ಸಾವಿರಕ್ಕೂ ಮೇಲೆ ಲಾರ್ವಾ ಬಿಟ್ಟ ಕಳೆದ ಬ್ಯಾಚಿನಲ್ಲಿ 160ರ ಹತ್ತಿರ ಸಿಗಡಿಯಾದವು. ಮನೆಯ ಮಟ್ಟಿಗೆ ಇದು ಒಳ್ಳೆಯ ಫಸಲು ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಉಪ್ಪು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್, ಪಾಚಿಯ ಸ್ಟಾರ್ಟರ್, ದೀಪ, ಸತ್ತ ತಾಯಂದಿರು ಎಲ್ಲ ಸೇರಿ ಹದಿನೈದು ಸಾವಿರದಷ್ಟು ಖರ್ಚಾಗಿದೆ. 120 ರೂಪಾಯಿಯಂತೆ ಅರವತ್ತು ಚಿಲ್ಲರೆ ಮಾರಿದ್ದೇನೆ, ಅರ್ಧ ದುಡ್ಡು ಬಂದಿದೆ. ಆಗಲ್ಲ ಎಂದಿದ್ದ ಅಂಗಡಿಯವರೊಬ್ಬರು ಬಂದು ಇಪ್ಪತ್ತು ಒಯ್ದರು, ಮುಂದಿನ ಬ್ಯಾಚಿಗೂ ಮುಂಗಡ ಕೊಟ್ಟಿದ್ದಾರೆ. ಖಾಲಿಯಾದ ಉಪ್ಪುನೀರಿನ ಜಾರಿನಲ್ಲಿ ಈಗ ನೆರೈಟ್ ಬಸವನಹುಳುವಿನ ಮೊಟ್ಟೆ ಅಂಟಿದ ಕಲ್ಲೊಂದನ್ನು ಇಳಿಸಿದ್ದೇನೆ, ಅದರ ಲಾರ್ವಾಕ್ಕೂ ಉಪ್ಪೇ ಬೇಕು.