ಮಗುವಿನ ಸಿಟ್ಟು ಹಟವನ್ನು ಮೀರಿದಾಗ ಪೋಷಕರು ಮಾಡಬೇಕಾದದ್ದೇನು?

ಹಟ ಹಿಡಿಯದ ಮಗು ಎಲ್ಲಿಯೂ ಇಲ್ಲ. ಆದರೆ ಸಣ್ಣ ಕಾರಣಕ್ಕೆ ಬಹಳ ಹೊತ್ತು ಕಿರುಚಿ, ಕೈಗೆ ಸಿಕ್ಕಿದ್ದನ್ನು ಎಸೆದು, ತಾಯಿಯ ಮೇಲೆಯೇ ಕೈ ಮಾಡುವುದು ತಿಂಗಳುಗಟ್ಟಲೆ ನಡೆದರೆ, ಅದನ್ನು ‘ಸೊಕ್ಕು’ ಎಂದು ಕರೆದು ಎರಡು ಏಟು ಕೊಟ್ಟು ಮುಗಿಸಲಾಗದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯು ಇಂತಹ ಒಂದು ತೊಂದರೆಗೆ ಡಿಎಂಡಿಡಿ (ಡಿಸ್‌ರಪ್ಟಿವ್ ಮೂಡ್ ಡಿಸ್‌ರೆಗ್ಯುಲೇಶನ್ ಡಿಸಾರ್ಡರ್, ಅಂದರೆ ಮನಸ್ಥಿತಿ ಹತೋಟಿ ತಪ್ಪುವ ತೊಂದರೆ) ಎಂದು ಹೆಸರಿಟ್ಟಿದೆ. ವಾರಕ್ಕೆ ಸರಾಸರಿ 3 ಅಥವಾ ಹೆಚ್ಚು ಬಾರಿ ರಂಪ, ನಡುವಿನ ದಿನಗಳಲ್ಲೂ ಬಿಡದ ಸಿಡುಕು, ಮನೆ–ಶಾಲೆಯಂತಹ ಕನಿಷ್ಠ ಎರಡು ಕಡೆ ಇದೇ ನಡವಳಿಕೆ, ಹೀಗೆ 12 ತಿಂಗಳು ಮುಂದುವರಿಯುವುದು ಅದರ ಮುಖ್ಯ ಲಕ್ಷಣಗಳು. ಹಾಗೆಂದು ವರ್ಷ ತುಂಬುವವರೆಗೆ ಕಾಯಬೇಕಿಲ್ಲ. ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ), ಕಲಿಕೆಯ ತೊಂದರೆ ಇವೆಲ್ಲವೂ ಹೊರಗೆ ಸಿಟ್ಟಾಗಿ ತೋರಬಹುದು. ಮಕ್ಕಳ ಖಿನ್ನತೆಯಲ್ಲಿ ಅಳುವಿಗಿಂತ ಸಿಡುಕೇ ಮುಂದಿರುವುದುಂಟು.

ಮೊದಲ ಕೆಲಸ, ಒಂದು ನೋಟ್‌ಬುಕ್ ಇಡುವುದು. ಪ್ರತಿ ರಂಪದ ಹಿಂದೆ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು ಎಂಬ ಮೂರನ್ನೂ ದಿನಾಂಕ, ವೇಳೆಯೊಂದಿಗೆ ಎರಡು ವಾರ ಬರೆಯಿರಿ. ಶಾಲೆಯಿಂದ ಹಸಿದು ಬಂದ ಹೊತ್ತಿನಲ್ಲಿ, ಹೋಂವರ್ಕ್‌ಗೆ ಕೂರಿಸಿದಾಗ, ಮೊಬೈಲ್ ಕಿತ್ತುಕೊಂಡಾಗ ಎಂದು ಒಂದು ಕ್ರಮ ತಾನಾಗಿಯೇ ಕಾಣತೊಡಗುತ್ತದೆ. ಕಿರುಚಿದ ನಂತರ ಮೊಬೈಲ್ ಮರಳಿ ಕೈಗೆ ಬಂದಿದೆ ಎಂದು ಮೂರನೆಯ ಭಾಗ ಪದೇಪದೇ ಹೇಳುತ್ತಿದ್ದರೆ, ಕಿರುಚುವುದನ್ನು ಕಲಿಸಿದವರು ಯಾರೆಂಬುದೂ ತಿಳಿಯುತ್ತದೆ.

ಆ ನೋಟ್‌ಬುಕ್ ಹಿಡಿದೇ ವೈದ್ಯರ ಬಳಿ ಹೋಗಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆ ಎರಡರಲ್ಲೂ ಮನೋವೈದ್ಯ ವಿಭಾಗವಿದೆ. ಮಾತು ತಡವಾದ, ಓದು–ಬರಹದಲ್ಲಿ ಬಹಳ ಹಿಂದುಳಿದ ಅಥವಾ ಕರೆದರೆ ತಿರುಗಿ ನೋಡದ ಮಗುವಾದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಹೇಳಲಾಗದ್ದನ್ನು ಮಕ್ಕಳು ಹೊಡೆದು ತೋರಿಸುತ್ತಾರೆ. ಹಿರಿಯರು ತಾಯತ ಕಟ್ಟಿಸಬೇಕು, ಹರಕೆ ತೀರಿಸಬೇಕು ಎಂದರೆ ಅದಕ್ಕಾಗಿ ಜಗಳ ಬೇಡ, ಆದರೆ ಅದರ ಹೆಸರಿನಲ್ಲಿ ಆಸ್ಪತ್ರೆಯ ಭೇಟಿ ಒಂದು ದಿನವೂ ಮುಂದೆ ಹೋಗಬಾರದು. ವೈದ್ಯರು ಮಾತ್ರೆ ಕೊಟ್ಟರೆ, ಮಗು ಸುಧಾರಿಸಿತೆಂದು ಅವರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನು ಮನೆಯೊಳಗಿನ ಕೆಲಸ. ರಂಪದ ಹೊತ್ತು ಬುದ್ಧಿ ಹೇಳುವ ಹೊತ್ತಲ್ಲ. ಕಲಿಸಬೇಕಾದದ್ದನ್ನೆಲ್ಲ ಅದಕ್ಕೆ ಮುಂಚೆ ಅಥವಾ ಆಮೇಲೆಯೇ ಕಲಿಸಬೇಕು. ಊಟ, ಆಟ, ಓದು, ನಿದ್ದೆಗೆ ದಿನವೂ ಒಂದೇ ವೇಳೆ ಇರಲಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಟಿವಿ ಆರಿಸುವ ಹತ್ತು ನಿಮಿಷ ಮೊದಲೇ ತಿಳಿಸಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮಗು ಕೇಳಿದ ಕೂಡಲೇ ‘ಜಾಣ’ ಎನ್ನುವ ಬದಲು ‘ಕರೆದ ತಕ್ಷಣ ಬಂದೆಯಲ್ಲ, ಸಂತೋಷವಾಯಿತು ಕಂದ’ ಎಂದು ಮಾಡಿದ್ದನ್ನೇ ಹೆಸರಿಸಿ ಮೆಚ್ಚಿ.

ಸಿಟ್ಟು ಏರಿದಾಗ ತಮ್ಮ–ತಂಗಿಯರನ್ನು ಬೇರೆ ಕೋಣೆಗೆ ಕಳುಹಿಸಿ, ಚೂಪಾದ, ಒಡೆಯುವ ವಸ್ತುಗಳನ್ನು ಸರಿಸಿ, ಕಣ್ಣಳತೆಯಲ್ಲಿ ಸ್ವಲ್ಪ ದೂರ ನಿಲ್ಲಿ. ‘ನಾನು ಇಲ್ಲೇ ಇದ್ದೇನೆ, ಸಮಾಧಾನವಾದ ಮೇಲೆ ಮಾತಾಡೋಣ’ ಎಂಬಷ್ಟೇ ಮಾತು ಸಾಕು. ವಾದ ಬೇಡ, ಬೆದರಿಕೆ ಬೇಡ, ಕೇಳಿದ್ದನ್ನು ಕೊಡುವುದೂ ಬೇಡ. ಹೊಡೆದರೆ, ಸಿಟ್ಟು ಬಂದಾಗ ಹೊಡೆಯಬಹುದೆಂಬ ಪಾಠವನ್ನು ನಾವೇ ಕಲಿಸಿದಂತೆ. ಪೂರ್ತಿ ತಣ್ಣಗಾದ ಮೇಲೆ ಚೆಲ್ಲಿದ್ದನ್ನು ಮಗುವಿನ ಕೈಯಲ್ಲೇ ಎತ್ತಿಸಿ, ಮುಂದಿನ ಸಲ ಏನು ಮಾಡಬಹುದೆಂದು ಚಿಕ್ಕದಾಗಿ ಮಾತಾಡಿ, ಅಲ್ಲಿಗೇ ಬಿಡಿ. ರಾತ್ರಿ ಅಪ್ಪ ಬಂದ ಮೇಲೆ ಮತ್ತೊಮ್ಮೆ ವಿಚಾರಣೆ ಬೇಡ.

ಮಣಿಯುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ರಂಪ ಹೆಚ್ಚುವುದು ಸಹಜ. ಬಹಳ ಮನೆಗಳಲ್ಲಿ ಪ್ರಯತ್ನ ಕುಸಿಯುವುದು ಇಲ್ಲಿಯೇ: ಮೊಮ್ಮಗುವಿನ ಅಳು ನೋಡಲಾರದೆ ಅಜ್ಜಿ ಮೊಬೈಲ್ ಕೊಟ್ಟುಬಿಡುತ್ತಾರೆ. ಅವರನ್ನು ದೂರದೆ, ಒಮ್ಮೆ ವೈದ್ಯರ ಬಳಿ ಜೊತೆಗೆ ಕರೆದೊಯ್ಯಿರಿ. ಅದೇ ಮಾತನ್ನು ವೈದ್ಯರ ಬಾಯಿಂದ ಕೇಳಿದಾಗ ಹಿರಿಯರು ಹೆಚ್ಚಾಗಿ ಒಪ್ಪುತ್ತಾರೆ.

ತರಗತಿಯ ಶಿಕ್ಷಕರಿಗೂ ವಿಷಯ ತಿಳಿಸಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಕೊನೆಯದಾಗಿ, ಕಬ್ಬು–ಭತ್ತ ಬೆಳೆಯುವ ಮನೆಗಳವರು ಇದನ್ನು ಇಂದೇ ಮಾಡಬೇಕು: ಬೆಳೆಗೆ ಹೊಡೆಯುವ ಔಷಧಿ ಮತ್ತು ಮನೆಯ ಮಾತ್ರೆಗಳನ್ನು ಬೀಗ ಹಾಕಿ, ಕೀಲಿಯನ್ನು ದೊಡ್ಡವರೊಬ್ಬರ ಬಳಿ ಇಡಿ. ‘ಸಾಯ್ತೀನಿ’ ಎಂದು ಮಗು ಹೇಳಿದರೆ ಬೆದರಿಕೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು–ರಾತ್ರಿ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ದಣಿದ ತಾಯಿ–ತಂದೆಯರೂ ತಮಗಾಗಿ ಅಲ್ಲಿಗೆ ಕರೆ ಮಾಡಬಹುದು.