ಮೀಟರ್ ಬೇಕಾದವರಿಗೆ ಮೀಟರ್

ಮಂಗಳೂರಿನ ಬಿಜೈಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 12 ಮನೆ. ಪಾಲಿಕೆಯ ನೀರಿನ ಮೀಟರ್ ಮಾತ್ರ ಒಂದೇ, ಕೆಳಗೆ ಸಂಪಿನ ಹತ್ತಿರ. ಬಿಲ್ಲು ಬಂದರೆ 12 ಪಾಲು. 2019ರ ಮೇ ತಿಂಗಳಲ್ಲಿ ಊರಿಗೆ ನೀರು ಕೊಡುವ ತುಂಬೆ ಡ್ಯಾಮಿನ ನೀರು ಇಳಿದು ರೇಷನಿಂಗ್ ಆದಾಗ ಟ್ಯಾಂಕರಿನ ಖರ್ಚೂ ಅದರ ಮೇಲೆ ಬಿತ್ತು. ಎರಡನೇ ಮಹಡಿಯ ಅಜ್ಜಿ ಸಭೆಯಲ್ಲೇ ಕೇಳಿದರು: "ಎಂತ ಮಾರಾಯ್ರೆ, ನಾವಿಬ್ಬರು ಮುದುಕರು. ಆರು ಜನ ಇರುವ ಮನೆಗೂ ನಮಗೂ ಒಂದೇ ರೇಟಾ?" ಲೆಕ್ಕ ನೋಡುತ್ತಿದ್ದವನು ನಾನೇ, ಏನು ಹೇಳುವುದು?

ಮನೆಮನೆಗೂ ಬೇರೆ ಮೀಟರ್ ಕಡ್ಡಾಯ ಎಂದಿದ್ದರೆ ಸಭೆ ಜಗಳದಲ್ಲಿ ಮುಗಿಯುತ್ತಿತ್ತು. ಬೇಕಾದವರು ಸ್ವಂತ ಖರ್ಚಿನಲ್ಲಿ ಮೀಟರ್ ಹಾಕಿಸಲಿ, ಬೇಡದವರು ಉಳಿದ ಖರ್ಚನ್ನು ಸಮನಾಗಿ ಹಂಚಿಕೊಳ್ಳಲಿ ಎಂದೆವು. ಬೋರ್‌ವೆಲ್, ಟ್ಯಾಂಕರ್ ನೀರು ಪಾಲಿಕೆಯ ಮೀಟರಿಗೆ ಸಿಗುವುದಿಲ್ಲವಲ್ಲ, ಅದಕ್ಕೆ ತಾರಸಿ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಮೊದಲು ಒಂದು ದೊಡ್ಡ ಮೀಟರ್ ಕೂರಿಸಿದೆವು. ತಿಂಗಳ ನೀರಿನ ಒಟ್ಟು ಖರ್ಚನ್ನು ಆ ತಿಂಗಳು ಅದರಲ್ಲಿ ಏರಿದ ರೀಡಿಂಗಿನಿಂದ ಭಾಗಿಸಿದರೆ ಸಾವಿರ ಲೀಟರಿಗೆ ಎಷ್ಟು ಎಂದು ಸಿಗುತ್ತದೆ.

ತಲೆನೋವು ಪೈಪಿನದ್ದು. ಅಡುಗೆಮನೆಗೆ ಒಂದು ಲೈನು, ಬಾತ್‌ರೂಮುಗಳಿಗೆ ಇನ್ನೊಂದು. ಹಾಗಾಗಿ ಮನೆಗೆ ಎರಡೆರಡು ಮೀಟರ್. ಕೊನೆಯ ಮಹಡಿಯವರಿಗೆ ಟ್ಯಾಂಕು ತಲೆಯ ಮೇಲೇ ಇರುವುದರಿಂದ ಪ್ರೆಶರ್ ಮೊದಲೇ ಕಡಿಮೆ, ಮೀಟರ್ ಹಾಕಿ ತಿಂಗಳಲ್ಲಿ ಶವರ್ ಇನ್ನೂ ಸಣ್ಣಗಾಯಿತು. ಬಿಚ್ಚಿದರೆ ಮೀಟರಿನ ಬಾಯಿಯಲ್ಲಿರುವ ಜರಡಿ ತುಂಬ ಬೋರ್‌ವೆಲ್ಲಿನ ಕೆಂಪು ಕೆಸರು! ಈಗ ಮೂರು ತಿಂಗಳಿಗೊಮ್ಮೆ ತೊಳೆಯುತ್ತೇವೆ.

ಮೊದಲು ಬಂದದ್ದು ನಾಲ್ಕು ಮನೆ, ಎಲ್ಲವೂ ಒಬ್ಬಿಬ್ಬರು ಇರುವವು. ಅವರ ಖರ್ಚು ಇಳಿಯಿತು. ಉಳಿದ ಎಂಟು ಮನೆಯ ಪಾಲು ಏರಿತು. ಆ ಎಂಟರಲ್ಲಿ ಕಡಿಮೆ ಬಳಸುವವರು ಲೆಕ್ಕ ಹಾಕಿ ಮೀಟರಿಗೆ ಬಂದರು, ಮಿಕ್ಕವರ ಪಾಲು ಮತ್ತೂ ಏರಿತು. ಹೀಗಾಗುತ್ತದೆಂದು ಮೊದಲೇ ಗೊತ್ತಿತ್ತು ಎಂದರೆ ಸುಳ್ಳಾದೀತು. ಒಂದೂವರೆ ವರ್ಷದಲ್ಲಿ ಹೊರಗುಳಿದದ್ದು ಆರು ಜನರ ಆ ಮನೆ ಒಂದೇ. ಎಲ್ಲಿಯೋ ಸೋರಿದ ನೀರಿನ ಲೆಕ್ಕವೂ ಅವರ ತಲೆಗೇ. ಇದು ಅನ್ಯಾಯವೇ ಅನ್ನಿಸಿದ್ದುಂಟು, ಆದರೂ ನಾನು ಸುಮ್ಮನಿದ್ದೆ.

ಕೊನೆಗೆ ಅವರೂ ಹಾಕಿಸಿದರು. ಆ ರಾತ್ರಿ ಹನ್ನೊಂದಕ್ಕೆ ಮನೆಯ ಯಜಮಾನರು ಫೋನ್ ಮಾಡಿದರು: "ಸ್ವಲ್ಪ ಬನ್ನಿ, ನಳ್ಳಿ ಎಲ್ಲ ಬಂದ್, ಆದ್ರೂ ಮೀಟರ್ ಓಡ್ತಾ ಉಂಟು." ಟಾರ್ಚ್ ಹಿಡಿದು ನೋಡಿದೆವು. ಗಾಜಿನೊಳಗೆ ನಕ್ಷತ್ರದಂಥ ಪುಟ್ಟ ಚಕ್ರ ನಿಧಾನವಾಗಿ ತಿರುಗುತ್ತಿತ್ತು. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದಾಗ ಕಾರಣ ಸಿಕ್ಕಿತು. ಸದ್ದೇ ಇಲ್ಲದೆ ನೀರು ಒಳಗಿನಿಂದಲೇ ಕಮೋಡಿಗೆ ಇಳಿಯುತ್ತಿತ್ತು. ಮರುದಿನ ಪ್ಲಂಬರ್ ಬಂದು ವಾಶರ್ ಬದಲಿಸಿ ಹೋದ.